ಒಂದೇ ಮ್ಯೂಸಿಕ್ಕು, ಐದು ಜನ ಹಾಡುಗಾರರು

ಮದುವೆ ಗೊತ್ತಾದ ಹೆಣ್ಣಿಗೆ ಒಂದಿಷ್ಟು ಭಯ ಇರಬೇಕು, ಅದು ಮುಖಕ್ಕೆ ಒಪ್ಪುತ್ತದೆ ಎಂದು ಹಿರಿಯರು ಹೇಳುತ್ತಾರೆ. ಪಿರಿಯಾಪಟ್ಟಣದ ದಿನಸಿ ವ್ಯಾಪಾರಿ ಚಿಕ್ಕಬಸಪ್ಪನವರ ಮಗಳು ಪುಷ್ಪಾಳಲ್ಲಿ ಅದು ಒಂದಿಷ್ಟಲ್ಲ, ನಾಲ್ಕು ಮದುವೆಗೆ ಸಾಕಾಗುವಷ್ಟಿತ್ತು. ಹುಣಸೂರಿಗೆ ಬಸ್ಸಿನಲ್ಲಿ ಓಡಾಡಿ ಬಿ.ಎ. ಮುಗಿಸಿದ್ದ ಹುಡುಗಿ. ಆಡುವ ಮಾತನ್ನು ಆಡುವ ಮೊದಲೇ ಕಾಫಿ ಸೋಸಿದ ಹಾಗೆ ಸೋಸಿಕೊಳ್ಳುವ ಅಭ್ಯಾಸ. ಸೋಸಿ ಮುಗಿಯುವಷ್ಟರಲ್ಲಿ ಎದುರಿಗಿದ್ದವರು ಎದ್ದು ಹೋಗಿರುತ್ತಿದ್ದರು.

ಅವಳ ಭಯಕ್ಕೆ ಕಾರಣವಿಲ್ಲದೆ ಇರಲಿಲ್ಲ. ಮೊದಲು ಬಂದ ಕೆ.ಆರ್. ನಗರದ ಸಂಬಂಧ ಒಂದು ಹಲ್ಲಿ ಲೊಚಗುಟ್ಟಿದ್ದರಿಂದ ಮುರಿದುಬಿತ್ತು. ಗಂಡಿನ ಕಡೆಯವರು ಮುಂದಿದ್ದ ಉಪ್ಪಿಟ್ಟನ್ನು ಪೂರ್ತಿ ತಿಂದು ಮುಗಿಸಿದ ಮೇಲೆಯೇ ಹಲ್ಲಿಯ ಮಾತು ಎತ್ತಿದರು. ಎರಡನೆಯದು ಹುಣಸೂರಿನದು. ತಾಂಬೂಲ ಬದಲಾಯಿಸುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿ ಫ್ಯಾನು ನಿಂತಿತು. ಗಾಳಿ ನಿಂತರೆ ಉಸಿರು ನಿಂತ ಹಾಗೆ ಎಂದು ಯಾರೋ ಮುದುಕರು ಅರ್ಥ ಹೇಳಿದರು. ಆ ಲೆಕ್ಕದಲ್ಲಿ ಇಡೀ ತಾಲ್ಲೂಕಿನಲ್ಲಿ ಯಾರಿಗೂ ಮದುವೆಯೇ ಆಗಬಾರದಿತ್ತು. ಆದರೆ ಅದನ್ನು ಪುಷ್ಪಾ ಸೋಸಿ ಮುಗಿಸುವಷ್ಟರಲ್ಲಿ ಅವರೂ ಎದ್ದಿದ್ದರು.

ಮೂರನೆಯವನು ಹೆಗ್ಗಡದೇವನಕೋಟೆಯ ಗುರುಮಲ್ಲೇಶ. ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯ ಕಚೇರಿಯಲ್ಲಿ ಕೆಲಸ. ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ನೋಡಿ ಬರೆಯುವುದು. ಹೆಣ್ಣು ನೋಡಲು ಬಂದಾಗ ಎಲ್ಲರೂ ಮಳೆ, ಹೊಗೆಸೊಪ್ಪಿನ ರೇಟು ಎಂದು ಮಾತಾಡುತ್ತಿದ್ದರೆ ಅವನು ಕಾಫಿ ಲೋಟ ಹಿಡಿದು ಅವಳ ಕಡೆ ಮೆಲ್ಲಗೆ ಕೇಳಿದ್ದ: "ಇದ್ರಲ್ಲಿ ಸಕ್ಕರೆ ಬದಲು ಉಪ್ಪು ಬಿದ್ದದೆ ಅಂತ ನಾನು ಹೇಳಿದ್ರೆ ಯಾರು ಬೈಸ್ಕೋತಾರೆ?"

"ನಾನು," ಎಂದಳು ಪುಷ್ಪಾ.

ಅವನು ಅಷ್ಟನ್ನೂ ಕುಡಿದು ಲೋಟ ಕೆಳಗಿಟ್ಟ. ಅಂದಿನಿಂದ ಅವಳಿಗೆ ಈ ಮದುವೆ ಆಗಲೇಬೇಕು ಅನ್ನಿಸಿತು. ಹಾಗೆ ಅನ್ನಿಸಿದ ಕ್ಷಣದಿಂದಲೇ ಅದು ಆಗುವುದಿಲ್ಲ ಎಂಬ ಭಯವೂ ಹುಟ್ಟಿತು.

ಭಯಕ್ಕೆ ಒಂದು ಹೆಸರೂ ಇತ್ತು: ಶಿವರುದ್ರಮ್ಮ. ಗುರುಮಲ್ಲೇಶನ ಸೋದರತ್ತೆ. ಅವನ ತಂದೆ ತೀರಿಕೊಂಡ ಮೇಲೆ ಆ ಮನೆಯ ಯಜಮಾನಿಕೆ ಅವರದೇ. ಶಕುನ ಶಾಸ್ತ್ರದಲ್ಲಿ ಅವರಿಗೆ ಯಾವ ಯೂನಿವರ್ಸಿಟಿಯೂ ಡಿಗ್ರಿ ಕೊಟ್ಟಿರಲಿಲ್ಲ, ಅದು ಯೂನಿವರ್ಸಿಟಿಗಳ ನಷ್ಟ. ಬೆಕ್ಕು, ಹಲ್ಲಿ, ಖಾಲಿ ಕೊಡ, ಒಂಟಿ ಸೀನು, ಎಡಗಣ್ಣು, ಎಲ್ಲವನ್ನೂ ಅವರು ಗಮನಿಸುತ್ತಿದ್ದರು. ನಿಶ್ಚಿತಾರ್ಥದ ದಿನ ಚಿಕ್ಕಬಸಪ್ಪನವರ ಮನೆಗೆ ಕಾಲಿಟ್ಟವರು ಮೊದಲು ನೋಡಿದ್ದು ಹುಡುಗಿಯನ್ನಲ್ಲ, ಸೂರಿನ ಮೂಲೆಗಳನ್ನು. ಪುಷ್ಪಾ ಹಿಂದಿನ ದಿನವೇ ಪೊರಕೆ ಹಿಡಿದು ಹಲ್ಲಿಗಳನ್ನೆಲ್ಲ ಓಡಿಸಿದ್ದಳು.

"ಮುಹೂರ್ತದಲ್ಲಿ ಏನೂ ಕೆಡದಿದ್ರೆ ಸಾಕು ಕಣಮ್ಮ," ಎಂದಿದ್ದರು ಶಿವರುದ್ರಮ್ಮ ಹೋಗುವಾಗ. "ಕೆಟ್ರೆ ಮಾತ್ರ ನಾನು ಹುಡುಗನ್ನ ಅಲ್ಲೇ ಎಬ್ಬಿಸ್ಕೊಂಡ್ ಹೋಗೋಳೇ. ಆಮೇಲೆ ಬೇಜಾರ್ ಮಾಡ್ಕೋಬಾರ್ದು."

ಇಷ್ಟೆಲ್ಲ ಅಡ್ಡಿಗಳಿರುವ ಮದುವೆಗೆ ಇನ್ನೊಂದು ಅಡ್ಡಿ ಜಮೈಕಾ ದೇಶದಿಂದ ಬಂತು.

ಪುಷ್ಪಾಳ ಅಣ್ಣ ನಂಜುಂಡೇಶನದು ಬಸ್‌ಸ್ಟ್ಯಾಂಡಿನ ಎದುರು ಕ್ಯಾಸೆಟ್ ಅಂಗಡಿ. ಅವನ ಗೆಳೆಯ ವಸಂತ್ ಕಬಿನಿ ಹಿನ್ನೀರಿನ ಪಕ್ಕದ ಒಂದು ರೆಸಾರ್ಟಿನಲ್ಲಿ ರೂಮು ಗುಡಿಸುತ್ತಿದ್ದ. ಯಾರೋ ಬಿಳಿಯ ಗಿರಾಕಿ ಬಿಟ್ಟುಹೋದ ಸಾಮಾನಿನಲ್ಲಿ ಕೂಲಿಂಗ್ ಗ್ಲಾಸು ಮ್ಯಾನೇಜರನ ಪಾಲಿಗೆ, ಕ್ಯಾಸೆಟ್ಟು ವಸಂತನ ಪಾಲಿಗೆ ಬಂದಿತ್ತು. ಅದನ್ನು ಅವನು ಅಂಗಡಿಗೆ ತಂದ ದಿನ ಪುಷ್ಪಾ ಅಣ್ಣನಿಗೆ ಊಟ ಕೊಡಲು ಬಂದಿದ್ದಳು.

"ಕೇಳು ಕಣ್ಲಾ ನಂಜುಂಡ," ಎಂದ ವಸಂತ್. "ಇದ್ರಲ್ಲಿ ಅನ್ನೆರಡು ಜನ ಹಾಡವ್ರೆ. ಮ್ಯೂಸಿಕ್ ಮಾತ್ರ ಒಂದೇಯ."

"ಟೇಪ್ ಸಿಕ್ಕಾಕ್ಕೊಂಡಿರ್ಬೇಕು ಕಣ್ಲಾ."

"ಸಿಕ್ಕಾಕ್ಕೊಂಡಿದ್ರೆ ಹಾಡೋನೂ ಒಬ್ನೇ ಇರ್ತಿದ್ದ. ಈಗ ಬಂದೋನ ಕೇಳು, ಬೈತಾವ್ನೆ. ಆಗ್ಲೇ ಬಂದಿದ್ದೋನು ಗೋಗರೀತಿದ್ದ. ಇನ್ನು ಸೊಲ್ಪ ಒತ್ತಿಗೆ ಒಬ್ಳು ಎಂಗ್ಸು ಬಂದು ಇಬ್ರಿಗೂ ಉಗೀತಾಳೆ."

ಕವರಿನ ಇಂಗ್ಲಿಷನ್ನು ಓದಿ ಹೇಳುವ ಕೆಲಸ ಪುಷ್ಪಾಳಿಗೆ ಬಂತು. ಓದಿದಳು. ಜಮೈಕಾದಲ್ಲಿ ಇದು ವಾಡಿಕೆಯಂತೆ; ಒಬ್ಬ ಒಂದು ಮ್ಯೂಸಿಕ್ ಮಾಡಿಡುತ್ತಾನೆ, ಅದಕ್ಕೆ ರಿಡಿಮ್ ಎನ್ನುತ್ತಾರೆ, ಅದೇ ಮ್ಯೂಸಿಕ್ಕಿನ ಮೇಲೆ ಒಬ್ಬೊಬ್ಬ ಹಾಡುಗಾರನೂ ತನ್ನ ತನ್ನ ಹಾಡು ಹೇಳುತ್ತಾನೆ. ಶುರುವಿನಲ್ಲಿ ತನ್ನ ಹೆಸರನ್ನು ತಾನೇ ಕೂಗಿಕೊಳ್ಳುತ್ತಾನೆ. ಕೊನೆಯಲ್ಲಿ ಯಾರ ಹಾಡೂ ಇಲ್ಲದ ಬರೀ ಮ್ಯೂಸಿಕ್ಕನ್ನೂ ಹಾಕಿರುತ್ತಾರೆ. ಇಷ್ಟನ್ನೂ ಅವಳು ಸೋಸಿ ಸೋಸಿ ಸ್ಪಷ್ಟವಾಗಿ ವಿವರಿಸಿದಳು. ಜೀವನದಲ್ಲಿ ಅವಳ ಮಾತನ್ನು ಅಣ್ಣ ಪೂರ್ತಿ ಕೇಳಿಸಿಕೊಂಡದ್ದು ಅದೊಂದೇ ಸಲ. ಕೇಳಿಸಿಕೊಳ್ಳದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಬರೀ ಮ್ಯೂಸಿಕ್ ಅದೆ ಅಂದ್ಯಾ?" ಎಂದ ನಂಜುಂಡೇಶ. ಅವನ ಕಣ್ಣಿನಲ್ಲಿ ಆಗಲೇ ಐದು ಜನ ಹಾಡುಗಾರರು ಕಾಣುತ್ತಿದ್ದರು.

ಮನೆಯಲ್ಲಿ ಈ ವಿಷಯ ಹೇಳಿದಾಗ ಚಿಕ್ಕಬಸಪ್ಪನವರು ತಟ್ಟೆಯಿಂದ ತಲೆ ಎತ್ತಿದರು. "ಒಂದೇ ಸಾರಿಗೆ ಐದು ಹೆಸ್ರಿಟ್ಟು ಬಡಿಸಿದ್ರೆ ಓಟ್ಲು ನಡೀತದೇನ್ಲಾ?"

"ಎಲ್ಲಾ ಓಟ್ಲೂ ಅಂಗೇ ಅಲ್ವೇನಪ್ಪ ನಡೀತಿರೋದು," ಎಂದ ಮಗ.

ಚಿಕ್ಕಬಸಪ್ಪನವರು ಮತ್ತೆ ತಟ್ಟೆಗೆ ಬಗ್ಗಿದರು. ಅವರ ದಿನಸಿ ಅಂಗಡಿಯ ಮೇಲಿನ ಉಗ್ರಾಣ ಸ್ಟುಡಿಯೋ ಆಯಿತು. ಗೋಡೆಯ ಸುತ್ತ ಒಣಮೆಣಸಿನಕಾಯಿ ಚೀಲಗಳನ್ನು ಪೇರಿಸಿದ್ದರಿಂದ ಹೊರಗಿನ ಸದ್ದು ಒಳಗೆ ಬರುತ್ತಿರಲಿಲ್ಲ. ಒಳಗೆ ಹೋದವರು ಕೆಮ್ಮದೆ ಹೊರಗೆ ಬರುತ್ತಿರಲಿಲ್ಲ. ಎರಡು ಟೇಪ್‌ರೆಕಾರ್ಡರು, ಒಂದು ಮೈಕು, ಜಮೈಕಾದವರ ಡೋಲು, ಅವರದೇ ಪೋಂ ಪೋಂ ಎನ್ನುವ ಹಾರ್ನು. 'ಕಬಿನಿ ರಿಡಿಮ್' ಎಂಬ ಹೆಸರನ್ನು ನಂಜುಂಡೇಶ ತಾನೇ ಇಟ್ಟ. ರಿಡಿಮ್ ಎಂಬ ಮಾತನ್ನು ಹುಟ್ಟಿದಾಗಿನಿಂದ ಆಡುತ್ತಿದ್ದವನ ಹಾಗೆ ಆಡತೊಡಗಿದ. ಹಾಡುಗಾರರಿಗೆ ಸಾಲು ನೆನಪಿಸಲು ಪಕ್ಕದಲ್ಲಿ ಕೂರುವ ಕೆಲಸ ತಂಗಿಗೆ ಬಿತ್ತು, ಬಿ.ಎ. ಓದಿಸಿದ್ದು ಮತ್ತೇಕೆ.

ಮೊದಲು ಬಂದವನು ಹುಣಸೂರಿನ ಆರ್ಕೆಸ್ಟ್ರಾದ ಶಿವಣ್ಣ. ಉಗ್ರಾಣದ ಕತ್ತಲಲ್ಲೂ ಕಪ್ಪು ಕನ್ನಡಕ ತೆಗೆಯಲಿಲ್ಲ. ಚೀಲ ಎಡವಿ ಮೈಕಿನ ಮೇಲೆ ಬಿದ್ದ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಹತ್ತಿರ ಸಿಕ್ಕ ಹುಡುಗಿಯ ಮೇಲೆ ಒಂದು ಹಾಡು ಹೇಳಿ, ಕವರಿನಲ್ಲಿ ತನ್ನ ಫೋಟೋ ಎಲ್ಲರಿಗಿಂತ ಮೇಲಿರಬೇಕು ಎಂದ. ಎರಡನೆಯವಳು ಕೆ.ಆರ್. ನಗರದ ರಾಧಾ, ಟೀಚರಾಗಲು ಟಿ.ಸಿ.ಎಚ್. ಓದುತ್ತಿದ್ದ ಹುಡುಗಿ. ತಾಯಿಯ ಜೊತೆ ಬಂದು ಒಂದು ದೇವರ ನಾಮ ಹಾಡಿದಳು. ಆ ಡೋಲಿಗೆ ದೇವರು ಪೀಠದಿಂದ ಇಳಿದು ಕುಣಿಯದೆ ಇರಲು ಬಹಳ ತಾಳ್ಮೆ ಬೇಕಿತ್ತು. ಮಗಳ ಫೋಟೋ ಆ ಕನ್ನಡಕದವನ ಕೆಳಗೆ ಬರಕೂಡದು ಎಂಬುದು ತಾಯಿಯ ಷರತ್ತು. ಹೀಗಾಗಿ ಇಬ್ಬರೂ ಕವರಿನ ಮೇಲುಗಡೆಯೇ, ಒಬ್ಬರನ್ನೊಬ್ಬರು ನೋಡದ ಹಾಗೆ ಕೂತರು.

ಮೂರನೆಯವರು ತಾಲ್ಲೂಕು ಪಂಚಾಯ್ತಿ ಸದಸ್ಯ ಕಂಠಪ್ಪ. ಹಾಡಲು ಬರುವುದಿಲ್ಲ ಎಂಬುದನ್ನು ಅವರು ಒಂದು ಕೊರತೆ ಎಂದು ತಿಳಿದಿರಲಿಲ್ಲ. "ಜಮೈಕಾದವ್ರೂ ಬರೀ ಮಾತೇ ಆಡ್ತಾವ್ರಲ್ಲ ನಂಜುಂಡೇಶ, ನಾನೂ ಆಡ್ತೀನಿ ಬುಡು," ಎಂದು ಡೋಲಿನ ಮೇಲೆ ಕುಡಿಯುವ ನೀರಿನ ಯೋಜನೆಯ ವರದಿ ಒಪ್ಪಿಸಿದರು. ಸತ್ಯ ಹೇಳಬೇಕೆಂದರೆ, ಐದು ಜನರಲ್ಲಿ ಜಮೈಕಾದ ಕ್ರಮಕ್ಕೆ ಸರಿಯಾಗಿ ಹೊಂದಿದವರು ಅವರೊಬ್ಬರೇ.

ನಾಲ್ಕನೆಯವರು, ರಾವಂದೂರಿನ ಸೋಬಾನೆ ಸಿದ್ದಲಿಂಗಮ್ಮ, ಹೆಸರು ಕೂಗಿಕೊಳ್ಳುವ ಜಾಗದಲ್ಲೇ ನಿಂತುಬಿಟ್ಟರು.

"ನನ್ನೆಸ್ರು ನಾನೇ ಏಳ್ಕಳದಾ? ಅದೇನ್ ಚೆಂದ?"

"ಎಲ್ರೂ ಹೇಳವ್ರೆ ಅಕ್ಕ. ರಾವಂದೂರು ಸಿದ್ದಲಿಂಗಮ್ಮ ಅಂತ ಜೋರಾಗಿ ಕೂಗಿ."

"ರಾವಂದೂರ್ನಾಗೆ ಎಲ್ರಿಗೂ ಗೊತ್ತಲ್ಲ. ಆಚೆಯೋರ್ಗೆ ಯಾಕ್ ಬೇಕು?" ಎನ್ನುತ್ತ ಕೊನೆಗೆ ಯಾರನ್ನೋ ಬೈದ ಹಾಗೆ ಒಂದು ಸಲ ಕೂಗಿ, ಧಾರೆಯ ಹಾಡು ಹಿಡಿದರು. ಮ್ಯೂಸಿಕ್ಕು ಮುಗಿಯಿತು, ಅವರು ಮುಗಿಸಲಿಲ್ಲ. ನಂಜುಂಡೇಶ ಕೈಸನ್ನೆ ಮಾಡಿದಾಗ, "ನಿಮ್ಮ ಡೋಲ್ನೋರು ನಿಲ್ಲಿಸ್ಬೌದು ಕಣಪ್ಪ, ಇನ್ನೂ ತಾಳಿ ಕಟ್ಟಿಲ್ವಲ್ಲ," ಎಂದು ತಮ್ಮ ಪಾಡಿಗೆ ಮುಂದುವರಿಸಿದರು.

ಕೊನೆಯವರು ಎನ್. ಬೇಗೂರಿನ ದೊಡ್ಡಬೀರಯ್ಯ. ಕೇರಳದ ಗಡಿಯವರೆಗೂ ಅವರ ತತ್ವಪದಕ್ಕೆ ಹೆಸರಿತ್ತು. ಅವರು ಎಂಥ ಸಂದರ್ಭದಲ್ಲಿ ಹಾಡುತ್ತಾರೆ ಎಂಬುದನ್ನು ವಿಚಾರಿಸಬೇಕು ಎಂದು ನಂಜುಂಡೇಶನಿಗೆ ಹೊಳೆದಿರಲಿಲ್ಲ. ತಂಬೂರಿ ಹೆಗಲಿಗೇರಿಸಿ ಮೆಟ್ಟಿಲು ಹತ್ತಿ ಬಂದವರು ಸುತ್ತ ನೋಡಿದರು.

"ಎಲ್ಲಿ ಮಡಗಿದ್ದೀರಿ?"

"ಏನ್ನ ತಾತ?"

"ಎಣಾನ."

ಹೆಣವಿಲ್ಲ, ಯಾರೂ ಸತ್ತಿಲ್ಲ, ಇದು ರೆಕಾರ್ಡಿಂಗ್ ಎಂದು ತಿಳಿಹೇಳಿದರು. ದೊಡ್ಡಬೀರಯ್ಯ ತಂಬೂರಿಯನ್ನು ಮತ್ತೆ ಹೆಗಲಿಗೇರಿಸಿದರು. ಅವರ ಪದಗಳೆಲ್ಲ ಹೆಣದ ಮುಂದೆ ಹೇಳುವಂಥವು. "ಮುಂದ್ಗಡೆ ಎಣ ಇಲ್ದೆ ಆ ಪದ ಎತ್ತಂಗಿಲ್ಲ ಕಣಪ್ಪ. ಎತ್ತುದ್ರೆ ಅದು ಸುಮ್ಕೆ ಇರಕಿಲ್ಲ, ಯಾರ್ನಾರ ಉಡುಕ್ಕಂಡು ಓಯ್ತದೆ."

ಪುಷ್ಪಾ ಅಣ್ಣನ ತೋಳು ಹಿಡಿದಳು. "ಬೇಡ ಅಣ್ಣ, ನಾಲ್ಕೇ ಜನ ಸಾಕು," ಎಂದಳು.

"ಪೋಸ್ಟರ್ ಪ್ರಿಂಟ್ ಆಗೋಗದೆ ಕಣೆ, ಐದು ಜನ ಅಂತ," ಎಂದ ಅಣ್ಣ. ಪ್ರಿಂಟಾದ ಮೇಲೆ ಯಮನೂ ತಿದ್ದುವ ಹಾಗಿಲ್ಲ ಎಂಬ ಧ್ವನಿಯಲ್ಲಿ. ಆಮೇಲೆ ಅವನು ವಸಂತನ ಕಡೆ ತಿರುಗಿದ.

ವಸಂತ್ ಒಳ್ಳೆಯ ಗೆಳೆಯ. ಮೆಣಸಿನಕಾಯಿ ಚೀಲಗಳ ಮೇಲೆ ಬಿಳಿ ಪಂಚೆ ಹೊದ್ದು ಮಲಗಿದ. ತಲೆಯ ಹತ್ತಿರ ಎರಡು ಊದುಬತ್ತಿ ಹಚ್ಚಿದರು. ದೊಡ್ಡಬೀರಯ್ಯ ಹೆಣವನ್ನು ತಲೆಯಿಂದ ಕಾಲಿನವರೆಗೆ ನೋಡಿ, "ವಯಸ್ಸು ಕಮ್ಮಿ," ಎಂದು ಮರುಗಿ, ಎದುರಿಗೆ ಕೂತರು. ಹೆಸರು ಕೂಗಲು ಅವರೇನೂ ತಕರಾರು ಮಾಡಲಿಲ್ಲ. ಸತ್ತ ಮನೆಯಲ್ಲಿ ಯಾರ ಮೇಳ ಬಂದಿದೆ ಎಂದು ಮೊದಲು ಹೇಳುವುದು ರೂಢಿಯಂತೆ. ಜಮೈಕಾದ ಡೋಲಿಗೆ ಪದ ಹೇಗೆ ಕೂತಿತೆಂದರೆ, ಆ ಡೋಲು ಹುಟ್ಟಿದ್ದೇ ಇದಕ್ಕೆ ಅನ್ನಿಸಿತು. ಪುಷ್ಪಾ ತನಗೆ ಗೊತ್ತಿಲ್ಲದೆ ತಾಳ ಹಾಕಿದಳು, ತಕ್ಷಣ ಕೈ ಹಿಂದಕ್ಕೆಳೆದುಕೊಂಡಳು.

ಮೂರನೆಯ ಚರಣಕ್ಕೆ ಬಂದಾಗ ಮೆಣಸಿನಕಾಯಿಯ ಘಾಟು ತಡೆಯದೆ ಹೆಣ ಸೀನಿತು.

ದೊಡ್ಡಬೀರಯ್ಯ ನಿಲ್ಲಿಸಲಿಲ್ಲ. ಪದ ಮುಗಿದ ಮೇಲೆ ಪಂಚೆ ಸರಿಸಿ, "ಎಣ ಸೀನಂಗಿಲ್ಲ ಮಗ," ಎಂದರು, ಮುಂದಿನ ಸಲಕ್ಕೆ ಬುದ್ಧಿ ಹೇಳುವ ಹಾಗೆ.

"ಇನ್ನೊಂದ್ಸಲ ಹೇಳ್ಬುಡಿ ತಾತ," ಎಂದ ನಂಜುಂಡೇಶ. "ಸೀನು ಸೇರ್ಕೊಂಡದೆ."

"ಒಂದ್ ಎಣಕ್ಕೆ ಒಂದೇ ಸಲ," ಎಂದು ಅವರು ಎದ್ದರು. ಕವರಿಗೆ ಫೋಟೋ ಕೇಳಿದರೆ ಅದನ್ನೂ ಕೊಡಲಿಲ್ಲ. "ನಂದು ಆಮ್ಯಾಕೆ ಆಕ್ತಾರೆ ಬುಡು, ಮನೇವ್ರು. ಊವಿನ ಆರದ ಜೊತೆ."

ಆದ್ದರಿಂದ ಕಬಿನಿ ರಿಡಿಮ್ಮಿನ ಕವರಿನಲ್ಲಿ ನಾಲ್ಕು ಫೋಟೋ, ಐದನೆಯ ಜಾಗದಲ್ಲಿ ಒಂದು ದಾಸವಾಳದ ಹೂವು. ಮೊದಲ ಮಗ್ಗುಲಿನಲ್ಲಿ ಶಿವಣ್ಣ, ಸಿದ್ದಲಿಂಗಮ್ಮ, ರಾಧಾ. ಎರಡನೆಯ ಮಗ್ಗುಲಿನಲ್ಲಿ ಕಂಠಪ್ಪ, ದೊಡ್ಡಬೀರಯ್ಯ. ಎರಡೂ ಮಗ್ಗುಲಿಗೆ ಒಂದೇ ಥರದ ಚೀಟಿ, ಯಾಕೆಂದರೆ ಬೇರೆ ಬೇರೆ ಪ್ರಿಂಟು ಹಾಕಿಸುವುದು ರಿಡಿಮ್ಮಿನ ತತ್ವಕ್ಕೆ ವಿರುದ್ಧ.

ಕ್ಯಾಸೆಟ್ಟಿನ ಬಿಡುಗಡೆ ತಂಗಿಯ ಮದುವೆಯಲ್ಲೇ ಎಂದು ನಂಜುಂಡೇಶ ಪ್ರಕಟಿಸಿದಾಗ ಪುಷ್ಪಾ ಎಲ್ಲ ಧೈರ್ಯವನ್ನೂ ಒಟ್ಟು ಮಾಡಿದಳು.

"ಅಣ್ಣ, ಎಲ್ಲಾ ಹಾಡೂ ಒಂದೇ ಥರ ಶುರುವಾಗುತ್ತೆ. ಮೈಕ್‌ಸೆಟ್‌ನವರಿಗೆ ಯಾವುದು ಯಾವುದು ಅಂತ ಗುರುತು ಸಿಗೋದು ಹೇಗೆ? ಮುಹೂರ್ತಕ್ಕೆ ಸಿದ್ದಲಿಂಗಮ್ಮನವರೇ ಬಾಯಲ್ಲಿ ಹಾಡಲಿ."

"ಕ್ಯಾಸೆಟ್ನಲ್ಲಿ ಹಾಡಿರೋರ್ನ ಮತ್ತೆ ಬಾಯಲ್ಲಿ ಹಾಡಿಸಿದ್ರೆ ಕ್ಯಾಸೆಟ್ ಯಾರ್ ತಗೊಳ್ತಾರೆ? ಸುಮ್ನಿರು. ದಾಸಯ್ಯ ಏನ್ ಇವತ್ತಿನೋನಾ?"

ಮೈಕ್‌ಸೆಟ್ ದಾಸಯ್ಯ ಇವತ್ತಿನವರಲ್ಲ, ನಿಜ. ಯಾವ ಹಾಡಾದರೂ ಶುರುವಿನ ಸದ್ದಿನಲ್ಲೇ ಗುರುತು ಹಿಡಿಯುವವರು. ಭಯವಿದ್ದದ್ದೇ ಅಲ್ಲಿ.

ಮದುವೆಯ ದಿನ ಪಿರಿಯಾಪಟ್ಟಣದ ಕಲ್ಯಾಣ ಮಂಟಪ ತುಂಬಿತ್ತು. ಕಲಾವಿದರನ್ನು ಎದುರು ಸಾಲಿನಲ್ಲಿ ಕೂರಿಸಿದ್ದರು. ಶಿವಣ್ಣ ಕನ್ನಡಕದಲ್ಲಿದ್ದ. ದೊಡ್ಡಬೀರಯ್ಯ ಬಂದಿರಲಿಲ್ಲ, ಮದುವೆಮನೆ ಅವರ ಕಸುಬಿನದಲ್ಲ. ಕಂಠಪ್ಪ ಕ್ಯಾಸೆಟ್ ಬಿಡುಗಡೆ ಮಾಡಿ, ನೀರಿನ ಯೋಜನೆಯ ಬಗ್ಗೆ ಕ್ಯಾಸೆಟ್ಟಿನಲ್ಲಿ ಹಿಡಿಸದೆ ಉಳಿದದ್ದನ್ನು ಅಲ್ಲಿ ಹೇಳಿ ಮುಗಿಸಿದರು. ಸಿದ್ದಲಿಂಗಮ್ಮ ಅಭ್ಯಾಸ ಬಲದಿಂದ ಹಸೆಮಣೆಯ ಪಕ್ಕ ಬಂದು ಗಂಟಲು ಸರಿಮಾಡಿಕೊಂಡಾಗ ನಂಜುಂಡೇಶ ಬಂದು, "ನೀವು ಊಟಕ್ಕೆ ಹೋಗಿ ಅಕ್ಕ, ನಿಮ್ಮ ಹಾಡು ಟೇಪ್ನಲ್ಲಿ ಬತ್ತದೆ," ಎಂದು ಕಳಿಸಿಕೊಟ್ಟ. ಅವರು, "ಅದೂ ಸರಿಯೇ, ಅದುಕ್ಕೆ ಅಸಿವಾಗಕಿಲ್ಲ," ಎಂದು ಊಟದ ಹಾಲಿಗೆ ಹೋದರು.

ಪುಷ್ಪಾ ತಲೆ ತಗ್ಗಿಸಿ ಕೂತಿದ್ದಳು. ಬಾಸಿಂಗದ ಸಂದಿಯಿಂದ ಸೂರು ಕಾಣುತ್ತಿತ್ತು. ಹಲ್ಲಿ ಇರಲಿಲ್ಲ. ಕರೆಂಟು ಇತ್ತು, ಹೋದರೆ ಇರಲಿ ಎಂದು ಜನರೇಟರೂ ಇತ್ತು. ಎದುರಿಗೆ, ಮದುವೆ ಮಾಡಿಸುವ ಅಯ್ನೋರ ಪಕ್ಕದಲ್ಲೇ, ಶಿವರುದ್ರಮ್ಮ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಇಡೀ ಮಂಟಪದ ಮೇಲೆ ಕಣ್ಣಿಟ್ಟಿದ್ದರು. ಧಾರೆಗೆ ಗಂಡು ಹೆಣ್ಣು ತೆಂಗಿನಕಾಯಿ ಹಿಡಿದು ಎದ್ದು ನಿಂತರು. ನಂಜುಂಡೇಶ ಮೈಕ್‌ಸೆಟ್ಟಿನ ಕಡೆ ಕೈ ಎತ್ತಿದ.

ಡೋಲು ಶುರುವಾಯಿತು. ಪೋಂ ಪೋಂ ಎಂದು ಹಾರ್ನು ಕೂಗಿತು. ಜನ ತಲೆ ಆಡಿಸಿದರು. ಸಿದ್ದಲಿಂಗಮ್ಮನ ಬೈಗುಳದಂಥ ಕೂಗಿಗಾಗಿ ಪುಷ್ಪಾ ಉಸಿರು ಹಿಡಿದಳು.

"ಎನ್. ಬೇಗೂರು ದೊಡ್ಡಬೀರಯ್ಯನ ಮೇಳ," ಎಂದಿತು ಮಂಟಪದ ನಾಲ್ಕೂ ಮೂಲೆಯ ಲೌಡ್‌ಸ್ಪೀಕರಿನ ಹಾರನ್ನು.

ದಾಸಯ್ಯ ಕ್ಯಾಸೆಟ್ಟನ್ನು ಮಗುಚಿ ಹಾಕಿದ್ದರು. ಚೀಟಿ ಎರಡೂ ಕಡೆ ಒಂದೇ. ಸದ್ದೂ ಒಂದೇ. ಎರಡನೆಯ ಹಾಡು ಎಂದು ಹೇಳಿದ್ದರು, ಎರಡನೆಯದನ್ನೇ ಹಾಕಿದ್ದರು.

ಉಸಿರೆಂಬ ನೆಂಟ ಊಟಕೂ ಕೂರದೆ ಹೋದ
ಬಾಗಿಲ ಹಾಕಿರೊ ಅಣ್ಣಾ

ಪುಷ್ಪಾ ತೆಂಗಿನಕಾಯಿಯನ್ನು ಬಿಗಿಯಾಗಿ ಹಿಡಿದಳು. ಈಗ ಎಲ್ಲರೂ ನಿಲ್ಲಿಸಿ ಎನ್ನುತ್ತಾರೆ ಎಂದು ಕಾದಳು. ಯಾರೂ ಅನ್ನಲಿಲ್ಲ. ಕಂಠಪ್ಪ ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದರು. ರಾಧಾಳ ತಾಯಿ ಭುಜ ಕುಣಿಸುತ್ತಿದ್ದರು. ಅಪ್ಪ ಕಣ್ಣೊರೆಸಿಕೊಳ್ಳುತ್ತಿದ್ದರು, ಆದರೆ ಅವರು ಬೆಳಗಿನಿಂದಲೂ ಒರೆಸಿಕೊಳ್ಳುತ್ತಿದ್ದರು. ಐನೂರು ಜನರಿಗೆ ಎರಡೆರಡು ಕಿವಿಗಳಿದ್ದವು, ಎಲ್ಲವೂ ಡೋಲಿನ ಹತ್ತಿರವೇ ನಿಂತುಬಿಟ್ಟಿದ್ದವು.

ಕೊಡ ನೀರ ಹುಯ್ಯಿರೊ ಕಡೆಯ ಮಜ್ಜನಕೆ
ನಡುಗದು ಈ ಮೈಯಿ ಅಣ್ಣಾ

ಅಷ್ಟು ಹೊತ್ತಿಗೆ ಬಂಧುಗಳು ಸಾಲಾಗಿ ಬಂದು ಅವಳ ಕೈಯ ಮೇಲೆ ಧಾರೆಯ ಹಾಲು ಹುಯ್ಯತೊಡಗಿದ್ದರು. ಶಿವರುದ್ರಮ್ಮನೂ ಹುಯ್ದರು, ಹಾಡಿನ ತಾಳಕ್ಕೆ ಸರಿಯಾಗಿ. "ಒಳ್ಳೆ ಹಾಡು ಹಾಕ್ಸವ್ನೆ ನಿಮ್ಮಣ್ಣ," ಎಂದು ಮೆಚ್ಚಿ ಹೋಗಿ ಕೂತರು.

ಕೇಳಿಸಿಕೊಂಡವನು ಒಬ್ಬನಿದ್ದ. ಅಡಿಗೆಮನೆಯಿಂದ ಬರುತ್ತಿದ್ದ ವಸಂತ್ ಬಾಗಿಲಲ್ಲೇ ನಿಂತ. ತನ್ನ ಸಾವಿನ ಪದವನ್ನು ಮನುಷ್ಯ ಅಷ್ಟು ಸುಲಭಕ್ಕೆ ಮರೆಯುವುದಿಲ್ಲ. ಕೈಯ ತಟ್ಟೆ ಕೆಳಗಿಟ್ಟು ಮೈಕ್‌ಸೆಟ್ಟಿನ ಕಡೆ ಓಡಿದ. ಅವನ ಬೆರಳು ಸ್ವಿಚ್ಚಿನ ಮೇಲಿದ್ದುದನ್ನು ಪುಷ್ಪಾ ನೋಡಿದಳು. ಮುಹೂರ್ತದಲ್ಲಿ ಸದ್ದು ಫಕ್ಕನೆ ನಿಂತರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹಾಡು ಏನು ಹೇಳುತ್ತದೆ ಎಂದು ಯಾರಿಗೂ ಕೇಳಿಸುತ್ತಿಲ್ಲ, ನಿಂತರೆ ಎಲ್ಲರಿಗೂ ಕೇಳಿಸುತ್ತದೆ. ಮದುವಣಗಿತ್ತಿ ತಲೆ ಎತ್ತಬಾರದು. ಅವಳು ಎತ್ತಿದಳು. ಬಾಸಿಂಗ ಅಲ್ಲಾಡುವ ಹಾಗೆ ಅವನ ಕಡೆ ತಲೆಯಾಡಿಸಿದಳು: ಬೇಡ.

ವಸಂತ್ ಬೆರಳು ತೆಗೆದ. ಆದರೆ ಅವನ ಮುಖದಲ್ಲಿ ಬೇರೊಂದು ಭಯ ಮೂಡುತ್ತಿತ್ತು. ಅದು ಏನೆಂದು ಪುಷ್ಪಾಳಿಗೆ ಹೊಳೆಯುವಷ್ಟರಲ್ಲಿ ಗುರುಮಲ್ಲೇಶ ತಾಳಿಯನ್ನು ಕೈಗೆ ತೆಗೆದುಕೊಂಡಿದ್ದ.

ನಾಲ್ವರ ಹೆಗಲಿಗೆ ಭಾರವಾದೆನಲ್ಲ
ಮೆಲ್ಲಗೆ ನಡೆಯಿರೊ

'ಅಣ್ಣಾ' ಎನ್ನುವ ಜಾಗದಲ್ಲಿ ಹೆಣ ಸೀನಿತು. ಆಕ್ಷೀ ಎಂದು, ನಾಲ್ಕು ಹಾರನ್ನಿನಿಂದ ಒಟ್ಟಿಗೆ.

"ನಿಲ್ಸಿ ಅಯ್ನೋರೆ," ಎಂದರು ಶಿವರುದ್ರಮ್ಮ. ಉಸಿರು ಹೋದದ್ದು, ಕಡೆಯ ಸ್ನಾನ, ನಾಲ್ವರ ಹೆಗಲು ಯಾವುದೂ ಮುಟ್ಟದ ಅವರ ಕಿವಿಗೆ ಸೀನು ಮುಟ್ಟಿತ್ತು. ಅವರು ಎದ್ದು ನಿಂತಿದ್ದರು. "ಯಾರು ಸೀನಿದ್ದು? ತಾಳಿ ಎತ್ತಿರೋವಾಗ ಒಂಟಿ ಸೀನು."

ಗುರುಮಲ್ಲೇಶನ ಕೈ ಅವಳ ಕತ್ತಿನ ಹತ್ತಿರ ಬಂದು ನಿಂತಿತು. ಅಯ್ನೋರು ಮಂತ್ರ ನಿಲ್ಲಿಸಿದರು, ಟೇಪಿನ ಡೋಲು ಮಾತ್ರ ನಿಲ್ಲಲಿಲ್ಲ. ಎದುರು ಸಾಲು ಹಿಂದಿನ ಸಾಲನ್ನು ನೋಡಿತು, ಹಿಂದಿನ ಸಾಲು ಅದರ ಹಿಂದಿನದನ್ನು. ಶಿವರುದ್ರಮ್ಮ ಚೀಲವನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಮೂರನೆಯ ಸಂಬಂಧವೂ ಎದ್ದು ಹೋಗುವುದನ್ನು ಪುಷ್ಪಾ ನೋಡಿದಳು. ಏನು ಹೇಳಬೇಕು ಎಂದು ಸೋಸತೊಡಗಿದಳು. ಇದು ಟೇಪಿನದು ಎಂದರೆ ಟೇಪಿನಲ್ಲಿ ಯಾರು ಎನ್ನುತ್ತಾರೆ, ಹೆಣ ಎಂದರೆ ಯಾವ ಹೆಣ ಎನ್ನುತ್ತಾರೆ.

ಸೋಸುವುದನ್ನು ಬಿಟ್ಟಳು. ಬಾಯಿ ತೆರೆದು, ಕಣ್ಣು ಮುಚ್ಚಿ, ಇಡೀ ಮಂಟಪಕ್ಕೆ ಕೇಳಿಸುವ ಹಾಗೆ ಸೀನಿದಳು. ಸುಳ್ಳು ಸೀನು. ಅಯ್ನೋರ ಮೈಕು ಪಕ್ಕದಲ್ಲೇ ಇದ್ದುದರಿಂದ ಅದೂ ನಾಲ್ಕು ಹಾರನ್ನಿನಿಂದಲೇ ಬಂತು.

ಶಿವರುದ್ರಮ್ಮ ಅವಳ ಕಡೆ ತಿರುಗಿದರು. ಚೀಲ ಹೆಗಲಿನಿಂದ ಇಳಿಯಿತು.

"ಜೋಡಿ ಸೀನು," ಎಂದರು. "ಹೆಣ್ಣಿನ ಬಾಯಿಂದ್ಲೇ ಜೋಡಿ ಆಯ್ತು. ಇದಕ್ಕಿಂತ ಶುಭ ಬೇರೆ ಇಲ್ಲ. ಕಟ್ಟೋ ಮಲ್ಲೇಶ, ಏನ್ ನೋಡ್ತಿದೀಯ?"

ಅವನು ಮುಂದಕ್ಕೆ ಬಾಗಿ ಕಟ್ಟಿದ. ಮೊದಲನೆಯ ಗಂಟು ಹಾಕುತ್ತ ಅವಳ ಕಿವಿಯ ಹತ್ತಿರ, ತುಟಿ ಅಲ್ಲಾಡದ ಹಾಗೆ ಹೇಳಿದ: "ಇನ್ನೊಂದ್ ಚರಣ ಬಾಕಿ ಅದೆ. ಗಾಬರಿ ಆಗ್ಬೇಡಿ. ಮಣ್ಣು ಹಾಕೋದು ಬರ್ತದೆ ಈಗ."

ಪುಷ್ಪಾ ತಲೆ ಎತ್ತಲಿಲ್ಲ. "ನಿಮಗೆ ಕೇಳಿಸ್ತಿತ್ತಾ?"

"ಮೊದಲ್ನೇ ಸಾಲಿಂದ್ಲೂ."

ಹಿಡಿ ಹಿಡಿ ಮಣ್ಣ ಹಾಕಿರೊ ಎಲ್ಲರು
ಕಡೆಗಿದೆ ಹೊದಿಕೆಯು ಅಣ್ಣಾ

ಐನೂರು ಜನ ಹಿಡಿ ಹಿಡಿ ಅಕ್ಷತೆ ಎಸೆದರು. ಅದರಲ್ಲಿ ಅರ್ಧ ಬಾಸಿಂಗದ ಮೇಲೆ, ಅರ್ಧ ಶಿವಣ್ಣನ ಕನ್ನಡಕದ ಮೇಲೆ ಬಿತ್ತು.

ಆಮೇಲೆ ನಂಜುಂಡೇಶನ ಕ್ಯಾಸೆಟ್ಟುಗಳಿಗೆ ಜನ ಮುಗಿಬಿದ್ದರು. ಮುಹೂರ್ತದಲ್ಲಿ ಹಾಕಿದ ಹಾಡು ಎಲ್ಲರಿಗೂ ಬೇಕಿತ್ತು. ಊಟ ಮುಗಿಸಿ ಬಂದ ಸಿದ್ದಲಿಂಗಮ್ಮನ ಕೈ ಹಿಡಿದು ನಾಲ್ಕಾರು ಹೆಂಗಸರು, ಏನು ಹಾಡಿದ್ದೀರಿ ಎಂದು ಹೊಗಳಿದರು. ಅವರು ಬೆಂಡೆಕಾಯಿ ಗೊಜ್ಜನ್ನು ಹೊಗಳಿದರು. ನಂಜುಂಡೇಶ ಮಾತ್ರ ತಂಗಿಯ ಹತ್ತಿರ ಬಂದು, "ಸುಮ್ಸುಮ್ನೆ ಎದುರ್ಕೊಂಡಿದ್ದಲ್ಲೇ. ಏನಾಯ್ತು ಈಗ?" ಎಂದು ಕೇಳಿದ. ಪುಷ್ಪಾ ಅವನ ಮುಖವನ್ನು ಹುಡುಕಿದಳು. ಅವನಿಗೂ ಗೊತ್ತಾಗಿರಲಿಲ್ಲ.

ಸಂಜೆ ಹೆಣ್ಣು ಕಳಿಸಿಕೊಟ್ಟ ಮೇಲೆ ವ್ಯಾನು ಹುಣಸೂರು ದಾಟಿ ಹೆಗ್ಗಡದೇವನಕೋಟೆಯ ದಾರಿ ಹಿಡಿಯಿತು. ಮುಂದಿನ ಸೀಟಿನಲ್ಲಿ ಶಿವರುದ್ರಮ್ಮ, ಹಿಂದೆ ಗಂಡು ಹೆಣ್ಣು.

"ನಿಮಗೆ ಆ ಪದ ಹೇಗೆ ಗೊತ್ತು?" ಎಂದು ಪುಷ್ಪಾ ಕೇಳಿದಳು.

"ನಮ್ಮಪ್ಪ ಹೋದಾಗ ದೊಡ್ಡಬೀರಯ್ಯನೋರೇ ಬಂದಿದ್ರು," ಎಂದ ಗುರುಮಲ್ಲೇಶ. "ಬೆಳಗಾಗೋವರ್ಗೂ ಹೇಳಿದ್ರು. ಎಲೆ ಅಡಿಕೆ ಕೊಟ್ಟು ಕಳಿಸಿದ್ದು ಅತ್ತೇನೇ."

"ಮತ್ತೆ ಅವರಿಗೆ ಗುರುತೇ ಸಿಗಲಿಲ್ವಲ್ಲ."

"ಅವತ್ತು ಡೋಲು ಇರ್ಲಿಲ್ಲ."

"ನೀವು ಯಾಕೆ ಸುಮ್ಮನಿದ್ರಿ?"

"ಅಪ್ಪಾನೂ ಬಂದು ನಿಂತಂಗಾಯ್ತು. ಎಬ್ಬಿಸಿ ಕಳ್ಸಕ್ಕೆ ಮನಸ್ಸು ಬರ್ಲಿಲ್ಲ."

ಪುಷ್ಪಾ ಅವನ ಕೈಯ ಪಕ್ಕ ತನ್ನ ಕೈಯನ್ನು ಸೀಟಿನ ಮೇಲೆ ಇಟ್ಟಳು.

"ಡ್ರೈವರಣ್ಣ," ಎಂದರು ಮುಂದಿನಿಂದ ಶಿವರುದ್ರಮ್ಮ, ಚೀಲದಿಂದ ಹೊಸ ಕ್ಯಾಸೆಟ್ಟು ತೆಗೆಯುತ್ತ. "ಇದ್ನ ಹಾಕು. ಮುಹೂರ್ತದ ಹಾಡು. ಮನೆ ತುಂಬಿಸ್ಕೊಳ್ಳೋವಾಗ್ಲೂ ಇದೇ ಹಾಕ್ಸಣ."

ಡೋಲು ಶುರುವಾಯಿತು. ಪೋಂ ಪೋಂ ಎಂದಿತು. ಹಿಂದಿನ ಸೀಟಿನಲ್ಲಿ ಇಬ್ಬರೂ ಅಲ್ಲಾಡದೆ, ಈಗ ಯಾರ ಹೆಸರು ಬರುತ್ತದೆ ಎಂದು ಕಿವಿಗೊಟ್ಟರು.

"ನಾನು ನಿಮ್ಮ ಕಂಠಪ್ಪ, ತಾಲ್ಲೂಕು ಪಂಚಾಯ್ತಿ ಸದಸ್ಯ," ಎಂದಿತು ಕ್ಯಾಸೆಟ್ಟು. "ಕೊಳವೆ ಬಾವಿ ವಿಚಾರಕ್ಕೆ ಬಂದರೆ, ಹಿಂದಿನ ಸರ್ಕಾರದ ಕಾಲದಲ್ಲಿ..."

"ಇದೇ ಇದೇ," ಎಂದರು ಶಿವರುದ್ರಮ್ಮ. ಸೀಟಿಗೆ ಒರಗಿ ಕಣ್ಣು ಮುಚ್ಚಿದರು. "ಎಷ್ಟ್ ಕೇಳಿದ್ರೂ ಬೇಜಾರಾಗಲ್ಲ ನೋಡು. ಯಾರಮ್ಮ ಹಾಡಿರೋದು?"

ಗುರುಮಲ್ಲೇಶ ಕಿಟಕಿಯ ಕಡೆ ತಿರುಗಿಕೊಂಡಿದ್ದ. ಅವನ ಬೆನ್ನು ಅಲುಗುತ್ತಿತ್ತು.

"ನಮ್ಮ ಊರಿನವರೇ ಅತ್ತೆ," ಎಂದಳು ಪುಷ್ಪಾ, ತಡಮಾಡದೆ. "ಮನೆ ತುಂಬಿಸ್ಕೊಳ್ಳೋವಾಗ ಇದೇ ಮಗ್ಗುಲು ಹಾಕ್ಸಿ. ಆದ್ರೆ ಇದೊಂದು ಮುಗಿದ ತಕ್ಷಣ ನಿಲ್ಲಿಸ್ಬಿಡಿ."

"ಯಾಕಮ್ಮ?"

"ಆಮೇಲಿಂದು ನಿಧಾನ, ಅತ್ತೆ. ಅದಕ್ಕೆ ಇನ್ನೂ ಹೊತ್ತಿದೆ."

ಶಿವರುದ್ರಮ್ಮ ಆಗಲೇ ಗೊರಕೆ ಹೊಡೆಯುತ್ತಿದ್ದರು. ಕಂಠಪ್ಪ ಪೈಪ್‌ಲೈನಿಗೆ ಬಂದಿದ್ದರು.